ನಿಮ್ಮ ಸೈಟಲ್ಲಿ ಯಾವ ಪ್ಲಗಿನ್ ಇದೆ? ನಿಮಗಿಂತ ಮೊದಲು ಕಳ್ಳನಿಗೆ ಗೊತ್ತು

ಊರು ಬಿಟ್ಟು ಪುಣೆ, ಹೈದರಾಬಾದ್ ಸೇರಿದ ನಮ್ಮಂಥ ಐಟಿಯವರ ತಲೆಗೆ ಒಂದು ಕೆಲಸ ತಾನಾಗಿಯೇ ಬಂದು ಬೀಳುತ್ತೆ: ಕನ್ನಡ ಸಂಘದ ವೆಬ್‌ಸೈಟ್. ನನಗೂ ಹಾಗೇ ಬಂತು. "ನೀವು ಸಾಫ್ಟ್‌ವೇರಲ್ಲಿದ್ದೀರಲ್ಲ, ಇದನ್ನೂ ಸ್ವಲ್ಪ ನೋಡ್ಕೊಳ್ಳಿ" ಅಂತ ಕಾರ್ಯದರ್ಶಿಗಳು ಪಾಸ್‌ವರ್ಡ್ ಬರೆದ ಚೀಟಿ ಕೊಟ್ಟರು. "ಸರ್, ಇದರಲ್ಲಿ ಯಾವ್ಯಾವ ಪ್ಲಗಿನ್ ಇವೆ?" ಅಂತ ಕೇಳಿದೆ. ಸೈಟ್ ಮಾಡಿಕೊಟ್ಟ ಹುಡುಗ ಕೆಲಸ ಬದಲಿಸಿ ಬೇರೆ ಊರಿಗೆ ಹೋಗಿದ್ದ. ಉಳಿದವರಿಗೆ ಯಾರಿಗೂ ಗೊತ್ತಿರಲಿಲ್ಲ.

ಈ ಸಣ್ಣ ಪ್ರಶ್ನೆಗೆ ಉತ್ತರ ಇಲ್ಲದೆ ಜಗತ್ತಿನಲ್ಲಿ ಎಷ್ಟು ಜನ ಪೆಟ್ಟು ತಿಂದಿದ್ದಾರೆ ಅನ್ನೋದೇ ಇವತ್ತಿನ ಕಥೆ.

2003ರಲ್ಲಿ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್, 'ಬಿ2' ಎಂಬ ಬ್ಲಾಗ್ ತಂತ್ರಾಂಶದ ಕೋಡ್ ತಗೊಂಡು ವರ್ಡ್‌ಪ್ರೆಸ್ ಶುರು ಮಾಡಿದರು. 2004ರ ಮೇ ತಿಂಗಳಲ್ಲಿ ಬಂದ 1.2 ಆವೃತ್ತಿಯಲ್ಲಿ ಪ್ಲಗಿನ್ ವ್ಯವಸ್ಥೆ ಸೇರಿತು. ಮೂಲ ಕೋಡ್ ಮುಟ್ಟದೆ ಹೊಸ ಸೌಲಭ್ಯ ಸೇರಿಸಬಹುದಾಯ್ತು. ವರ್ಡ್‌ಪ್ರೆಸ್ ಇಷ್ಟು ಬೆಳೆಯೋಕೆ ಇದು ದೊಡ್ಡ ಕಾರಣ. ತಲೆನೋವು ಶುರುವಾಗಿದ್ದೂ ಇಲ್ಲಿಂದಲೇ.

ಯಾಕೆ ಅಂದ್ರೆ, ಪ್ಲಗಿನ್ ತನ್ನ ಹೆಜ್ಜೆಗುರುತು ಬಿಡುತ್ತೆ. ಬ್ರೌಸರಲ್ಲಿ ಪುಟದ ಸೋರ್ಸ್ ತೆರೆದರೆ ಸ್ಟೈಲ್, ಸ್ಕ್ರಿಪ್ಟ್ ಫೈಲುಗಳ ವಿಳಾಸದಲ್ಲೇ ಪ್ಲಗಿನ್ ಫೋಲ್ಡರಿನ ಹೆಸರಿರುತ್ತೆ, ಕೊನೆಯಲ್ಲಿ ಹಲವು ಸಲ ಆವೃತ್ತಿ ಸಂಖ್ಯೆಯೂ ಇರುತ್ತೆ. ಅದೇ ಫೋಲ್ಡರಿನ ರೀಡ್‌ಮಿ ಫೈಲನ್ನೂ ಸಾಮಾನ್ಯವಾಗಿ ಯಾರು ಬೇಕಾದರೂ ಓದಬಹುದು. ಅಂದರೆ ಬೀಗದ ಕಂಪನಿ, ಮಾಡೆಲ್ ನಂಬರ್ ಎರಡನ್ನೂ ಬಾಗಿಲ ಮೇಲೇ ಬರೆದಿಟ್ಟ ಹಾಗೆ.

ವರ್ಡ್‌ಪ್ರೆಸ್‌ನವರು ಸುಮ್ಮನೆ ಕೂತಿರಲಿಲ್ಲ. 2007ರ 2.3 ಆವೃತ್ತಿ ಹೊಸ ಅಪ್‌ಡೇಟ್ ಬಂದಿದೆ ಅಂತ ತಿಳಿಸೋಕೆ ಶುರು ಮಾಡಿತು. 2008ರ 2.5ರಲ್ಲಿ ಒಂದೇ ಕ್ಲಿಕ್ಕಿನಲ್ಲಿ ಪ್ಲಗಿನ್ ಅಪ್‌ಡೇಟ್ ಬಂತು. ಆದರೆ ಇದೆಲ್ಲ ಕೆಲಸ ಮಾಡೋದು ಪಟ್ಟಿಯಲ್ಲಿರುವ ಪ್ಲಗಿನ್‌ಗಳಿಗೆ. ಪಟ್ಟಿಯಲ್ಲೇ ಇಲ್ಲದವುಗಳ ಗತಿ?

2011ರ ಆಗಸ್ಟ್‌ನಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಚಿತ್ರಗಳ ಅಳತೆ ಬದಲಿಸುವ 'ಟಿಮ್‌ಥಂಬ್' ಎಂಬ ಪುಟ್ಟ ಸ್ಕ್ರಿಪ್ಟನ್ನು ಎಷ್ಟೋ ಥೀಮ್‌ಗಳು ಒಳಗೇ ಇಟ್ಟುಕೊಂಡಿದ್ದವು. ಫ್ಲಿಕರ್, ಬ್ಲಾಗರ್‌ನಂಥ ನಂಬಿಕಸ್ಥ ತಾಣಗಳಿಂದ ಮಾತ್ರ ಅದು ಚಿತ್ರ ತರಬೇಕಿತ್ತು. ಆದರೆ ವಿಳಾಸದಲ್ಲಿ ಆ ಹೆಸರು ಎಲ್ಲಾದರೂ ಇದ್ದರೆ ಸಾಕು, ಒಳಗೆ ಬಿಡುತ್ತಿತ್ತು. ಕಳ್ಳರು ತಮ್ಮ ಡೊಮೇನ್‌ನ ಮುಂದೆ ಬ್ಲಾಗರ್ ಹೆಸರು ಅಂಟಿಸಿ, ಚಿತ್ರದ ಬದಲು ಪಿಎಚ್‌ಪಿ ಕೋಡನ್ನೇ ಸರ್ವರಿಗೆ ತಂದಿಳಿಸಿದರು. ಇದನ್ನು ಬಯಲು ಮಾಡಿದ ಮಾರ್ಕ್ ಮೌಂಡರ್ ಅವರಿಗೆ ತಿಳಿದಿದ್ದು ಹೇಗೆ ಗೊತ್ತಾ? ಅವರ ಸ್ವಂತ ಸೈಟೇ ಹ್ಯಾಕ್ ಆಗಿತ್ತು! ಮುಂದೆ ಅವರೇ ವರ್ಡ್‌ಫೆನ್ಸ್ ಕಟ್ಟಿದರು. ಅದೇ ವರ್ಷ ರಯಾನ್ ಡ್ಯೂಹರ್ಸ್ಟ್ ಅವರ ಡಬ್ಲ್ಯೂಪಿಸ್ಕ್ಯಾನ್ ಬಂತು. ಹೊರಗಿನಿಂದ ಪ್ಲಗಿನ್ ಪತ್ತೆ ಹಚ್ಚುವ ಕೆಲಸವನ್ನು ಕೈಯಲ್ಲಿ ಮಾಡೋ ಬದಲು ಟೂಲ್ ಮಾಡತೊಡಗಿತು.

ಇಷ್ಟಾದರೂ 2014ರಲ್ಲಿ ಮತ್ತೆ ಅದೇ ತಪ್ಪು. ಈ ಸಲ 'ರೆವಲ್ಯೂಷನ್ ಸ್ಲೈಡರ್'. ಹಳೆಯ ಆವೃತ್ತಿಯಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಇರುವ ಕಾನ್ಫಿಗ್ ಫೈಲನ್ನು ಲಾಗಿನ್ ಇಲ್ಲದೇ ಡೌನ್‌ಲೋಡ್ ಮಾಡಬಹುದಿತ್ತು. ತಯಾರಕರು ತಿಂಗಳುಗಳ ಹಿಂದೆಯೇ ಸದ್ದಿಲ್ಲದೆ ಸರಿಪಡಿಸಿದ್ದರು. ಆದರೆ ಥೀಮ್ ಜೊತೆ ಬಂದ ಪ್ರತಿಗಳಿಗೆ ಅಪ್‌ಡೇಟ್ ಸೂಚನೆ ಹೋಗುತ್ತಿರಲಿಲ್ಲ. ತಮ್ಮ ಸೈಟಲ್ಲಿ ಆ ಸ್ಲೈಡರ್ ಇದೆ ಅನ್ನೋದೇ ಎಷ್ಟೋ ಮಾಲೀಕರಿಗೆ ಗೊತ್ತಿರಲಿಲ್ಲ. ಆ ಡಿಸೆಂಬರಿನಲ್ಲಿ 'ಸೋಕ್‌ಸೋಕ್' ಮಾಲ್‌ವೇರ್ ಹರಡಿ, ಗೂಗಲ್ 11,000ಕ್ಕೂ ಹೆಚ್ಚು ಡೊಮೇನ್‌ಗಳನ್ನು ಕಪ್ಪುಪಟ್ಟಿಗೆ ಹಾಕಿತು. 2016ರಲ್ಲಿ ಪನಾಮಾ ಪೇಪರ್ಸ್ ಹೊರಬಂದಾಗ, ಮೊಸಾಕ್ ಫೊನ್ಸೆಕಾ ಸಂಸ್ಥೆಯ ಸೈಟಿನಲ್ಲೂ ಇದೇ ಸ್ಲೈಡರಿನ ಹಳೆಯ ಆವೃತ್ತಿ ಇತ್ತು ಅಂತ ವರ್ಡ್‌ಫೆನ್ಸ್ ತೋರಿಸಿತು. ಸೋರಿಕೆ ಆ ದಾರಿಯಲ್ಲೇ ಆಯ್ತು ಅಂತ ಸಾಬೀತಾಗಿಲ್ಲ. ಆದರೆ ಗುಟ್ಟು ಕಾಯೋದೇ ಕಸುಬಾದವರ ಬಾಗಿಲ ಮೇಲೂ ಆ ಮಾಡೆಲ್ ನಂಬರ್ ಇತ್ತು.

2020ರ 5.5 ಆವೃತ್ತಿಯಿಂದ ಪ್ಲಗಿನ್‌ಗಳಿಗೆ ಆಟೋ ಅಪ್‌ಡೇಟ್ ಇದೆ. ಆದರೂ ಅದನ್ನು ನಾವೇ ಆನ್ ಮಾಡಬೇಕು, ಮತ್ತು ಏನೇನಿದೆ ಅಂತ ನಮಗೆ ಗೊತ್ತಿರಬೇಕು.

ಹೊರಗಿನ ಸ್ಕ್ಯಾನ್ ಒಂದೇ ಸಾಲದು. ಸರ್ವರಿನೊಳಗೇ ಕೆಲಸ ಮಾಡುವ ಬ್ಯಾಕಪ್‌ನಂಥ ಪ್ಲಗಿನ್ ಪುಟದಲ್ಲಿ ಕಾಣದೇ ಇರಬಹುದು. ಅಡ್ಮಿನ್ ಪಟ್ಟಿಯೂ ಸಾಲದು, ಥೀಮ್ ಒಳಗೆ ಅಡಗಿದ್ದು ಅಲ್ಲಿ ಬರೋದಿಲ್ಲ. ಡಿಆಕ್ಟಿವೇಟ್ ಮಾಡಿದ ಪ್ಲಗಿನ್ನಿನ ಫೈಲುಗಳೂ ಸರ್ವರಿನಲ್ಲೇ ಇರುತ್ತವೆ, ಹಾಗಾಗಿ ಬೇಡದ್ದನ್ನು ಅಳಿಸಿಬಿಡಿ. ಹೊರಗೆ, ಒಳಗೆ, ಫೋಲ್ಡರಿನಲ್ಲಿ, ಮೂರೂ ಕಡೆ ನೋಡಿ ತಾಳೆ ಹಾಕಬೇಕು. ಒಂದು ಮಾತು: ಇದೆಲ್ಲ ನಿಮ್ಮ ಸೈಟಿಗೆ ಅಥವಾ ಅನುಮತಿ ಕೊಟ್ಟವರ ಸೈಟಿಗೆ ಮಾತ್ರ.

ನಮ್ಮ ಸಂಘದ ಸೈಟಿನ ಅಡ್ಮಿನ್ ಪಟ್ಟಿಯಲ್ಲಿ ಒಂಬತ್ತು ಪ್ಲಗಿನ್ ಇದ್ದವು. ಥೀಮ್ ಫೋಲ್ಡರ್ ತೆರೆದರೆ ಹತ್ತನೆಯದು ಸಿಕ್ಕಿತು, ಯಾವುದೋ ರಾಜ್ಯೋತ್ಸವದ ಫೋಟೊ ತೋರಿಸೋಕೆ ಬಂದು ಕೂತಿದ್ದ ಸ್ಲೈಡರ್. ಬ್ಯಾಕಪ್ ತಗೊಂಡು ತೆಗೆದುಹಾಕಿದೆ. ಸಂಘದ ಸ್ಟಾಕ್ ರಿಜಿಸ್ಟರಿನಲ್ಲಿ ಕುರ್ಚಿ, ಮೈಕು, ಹಾರ್ಮೋನಿಯಂ ಲೆಕ್ಕ ಇದ್ದೇ ಇತ್ತು. ಈಗ ಕೆಳಗೆ ಒಂಬತ್ತು ಪ್ಲಗಿನ್‌ಗಳ ಹೆಸರು, ಆವೃತ್ತಿ, ತಾರೀಕು ಕೂಡ ಇದೆ. ನಾನು ಊರು ಬದಲಿಸಿದರೂ ಮುಂದೆ ಬರುವವರು ನನ್ನ ಹಾಗೆ ಹುಡುಕಾಡಬೇಕಿಲ್ಲ.

ನಿಮ್ಮ ಕೈಲೂ ಅಂಥದ್ದೊಂದು ಸೈಟ್ ಇದ್ದರೆ ಈ ಭಾನುವಾರ ಒಂದು ಗಂಟೆ ಕೊಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.