ಹಕ್ಕಿಗಳ ಪಂಚಾಂಗ: ಕಾರವಾರದ ಕಡಲಂಚಿನ ಒಂದು ಚರಿತ್ರೆ

ನಮ್ಮ ಮನೆಗಳ ಗೋಡೆಯ ಮೊಳೆಗೆ ತೂಗುಹಾಕಿರುವ ಪಂಚಾಂಗವನ್ನು ತಿರುವಿದರೆ ಮೃಗಶಿರೆಯ ಮಳೆ ಎಂದು ಹುಟ್ಟುತ್ತದೆ, ಸ್ವಾತಿಯ ಮಳೆ ಎಂದು ತೀರುತ್ತದೆ ಎಂಬುದು ತಿಳಿಯುತ್ತದೆ. ಏಕಾದಶಿ, ಸಂಕ್ರಮಣ, ಗ್ರಹಣಗಳೂ ತಪ್ಪದೆ ಅಲ್ಲಿರುತ್ತವೆ. ಇಷ್ಟೇ ನಿಯಮದಿಂದ ವರ್ಷವರ್ಷವೂ ಬಂದುಹೋಗುವ ಇನ್ನೊಂದು ಪರಿವಾರವುಂಟು. ಅದು ಹಕ್ಕಿಗಳ ಪರಿವಾರ. ಪಂಚಾಂಗದಲ್ಲಿ ಅದಕ್ಕೆ ಜಾಗವಿಲ್ಲ. ಹಾಗಾದರೆ ನಮ್ಮ ಕರಾವಳಿಯ ಹಕ್ಕಿಗಳ ತಿಥಿವಾರಗಳನ್ನು ಯಾರಾದರೂ ಬರೆದಿಟ್ಟಿದ್ದಾರೆಯೆ? ಬರೆದಿಟ್ಟಿದ್ದರೆ ಯಾರು, ಯಾವಾಗ, ಹೇಗೆ? ಈ ಪ್ರಶ್ನೆಗಳಿಗೆ ಉತ್ತರವನ್ನು ಕಾರವಾರದ ಸುತ್ತಿನ ಕಡಲಂಚಿನಲ್ಲಿ ಹುಡುಕುವುದು ಈ ಲೇಖನದ ಉದ್ದೇಶ.

ನಮ್ಮ ಪ್ರಾಚೀನ ಕವಿಗಳು ಹಕ್ಕಿಗಳನ್ನು ಮರೆತವರಲ್ಲ. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಋತುವರ್ಣನೆಗೆ ಸ್ಥಾನವಿತ್ತು. ಋತುವಿನೊಡನೆ ಹಕ್ಕಿಯೂ ಬರುತ್ತಿತ್ತು. ವಸಂತಕ್ಕೆ ಕೋಗಿಲೆ, ಮೋಡಕ್ಕೆ ಚಾತಕ ಮತ್ತು ನವಿಲು, ಶರತ್ಕಾಲಕ್ಕೆ ಹಂಸ. ಬನವಾಸಿಯಲ್ಲಿ ಕೋಗಿಲೆಯಾಗಿಯಾದರೂ ಹುಟ್ಟಬೇಕೆಂದು ಹಂಬಲಿಸಿದ ಪಂಪನ ಮಾತನ್ನು ತಿಳಿಯದ ಕನ್ನಡಿಗನಾರು? ಆ ಬನವಾಸಿ ಇರುವುದೂ ಇಂದಿನ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ. ಆದರೆ ಕವಿಸಮಯಕ್ಕೆ ಊರಿಲ್ಲ, ತಾರೀಖಿಲ್ಲ. ಯಾವ ಹಕ್ಕಿ ಯಾವ ಅಳಿವೆಗೆ ಯಾವ ವಾರ ಬಂದಿತು ಎಂದು ಕೇಳಿದರೆ ಕಾವ್ಯವು ಉತ್ತರ ಕೊಡಲಾರದು. ಅದು ಕಾವ್ಯದ ಕೆಲಸವೂ ಅಲ್ಲ.

ಆ ಲೆಕ್ಕ ಆರಂಭವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಹಳೆಯ ಕೆನರಾ ಜಿಲ್ಲೆ ಎರಡಾಗಿ, ೧೮೬೨ರಲ್ಲಿ ಉತ್ತರ ಭಾಗವು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಮುಂಬಯಿಯಲ್ಲಿ ೧೮೮೩ರಲ್ಲಿ ಎಂಟು ಮಂದಿ ಸೇರಿ ನಿಸರ್ಗ ಇತಿಹಾಸ ಸಂಘವೊಂದನ್ನು ಕಟ್ಟಿದರು, ಅವರಲ್ಲಿ ಡಾ. ಆತ್ಮಾರಾಮ ಪಾಂಡುರಂಗ ಮತ್ತು ಡಾ. ಸಖಾರಾಮ ಅರ್ಜುನ ಎಂಬ ಇಬ್ಬರು ಭಾರತೀಯರೂ ಇದ್ದರು. ರಾಜ್ಯಾಡಳಿತದ ಆ ಗಡಿಯಿಂದಾಗಿ ಕಾರವಾರದ ಹಕ್ಕಿಗಳ ಸುದ್ದಿ ಮುಂಬಯಿಯ ಪತ್ರಿಕೆಯನ್ನು ಸೇರುವಂತಾಯಿತು.

ಇದಕ್ಕೆ ಮೊದಲೇ, ೧೮೭೫ರಲ್ಲಿ, ಹತ್ತು ವರ್ಷಗಳ ಬಳಿಕ ಕಾಂಗ್ರೆಸ್ಸಿನ ಸ್ಥಾಪನೆಯಿಂದ ಹೆಸರಾದ ಎ. ಓ. ಹ್ಯೂಮ್ ಮಹಾಶಯರು ಲಕ್ಷದ್ವೀಪ ಮತ್ತು ಪಶ್ಚಿಮ ಕರಾವಳಿಯ ಹಕ್ಕಿಗಳನ್ನು ಹಡಗಿನಲ್ಲಿ ಸಂಚರಿಸಿ ನೋಡಿ, ಮರುವರ್ಷ ತಮ್ಮದೇ ಪತ್ರಿಕೆಯಲ್ಲಿ ದೀರ್ಘವಾಗಿ ಬರೆದಿದ್ದರು. ಅವರು ದೊಡ್ಡ ಪಂಡಿತರು. ೧೮೮೫ರಲ್ಲಿ ಅವರು ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟ ಹಕ್ಕಿಗಳ ಚರ್ಮ, ಗೂಡು, ಮೊಟ್ಟೆಗಳು ಎಂಬತ್ತು ಸಾವಿರಕ್ಕೂ ಮಿಕ್ಕಿದ್ದವು. ಆದರೂ ಹಡಗಿನಲ್ಲಿ ಹಾದುಹೋಗುವವನ ಕಣ್ಣಿಗೆ ಒಂದು ಕಾಲದ ಹಕ್ಕಿಗಳು ಮಾತ್ರ ಬೀಳುತ್ತವೆ. ಪಂಚಾಂಗ ಬರೆಯಬೇಕಾದರೆ ಒಂದೆಡೆ ನಿಂತು ವರ್ಷದ ಸುತ್ತು ಕಾಯಬೇಕು.

ಹಾಗೆ ನಿಂತವರು ಮೂವರು. ಉಪ್ಪು ಮತ್ತು ಸುಂಕದ ಇಲಾಖೆಯ ಇ. ಎಚ್. ಐಟ್ಕೆನ್, ಜಿಲ್ಲೆಯ ಕಲೆಕ್ಟರರಾದ ಜೇಮ್ಸ್ ಡೇವಿಡ್‌ಸನ್, ಅರಣ್ಯಾಧಿಕಾರಿ ಟಿ. ಆರ್. ಬೆಲ್. ಐಟ್ಕೆನ್ನರು ಹಾಸ್ಯ ಬೆರೆಸಿ ನಿಸರ್ಗ ಪ್ರಬಂಧಗಳನ್ನು ಬರೆದವರು; ೧೯೦೦ರಲ್ಲಿ ಮುಂಬಯಿಯ ಸಾಮಾನ್ಯ ಹಕ್ಕಿಗಳ ಮೇಲೆ ಒಂದು ಪುಸ್ತಕವನ್ನೂ ತಂದರು. ಮೂವರೂ ಕೂಡಿ ಈ ಜಿಲ್ಲೆಯ ಚಿಟ್ಟೆಗಳ ವಿವರವನ್ನು ಬರೆದರು. ಡೇವಿಡ್‌ಸನ್ನರು ೧೮೯೮ರಲ್ಲಿ 'ಉತ್ತರ ಕನ್ನಡದ ಹಕ್ಕಿಗಳು' ಎಂಬರ್ಥದ ಲೇಖನಮಾಲೆಯನ್ನು ಮುಂಬಯಿ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಲಾರಂಭಿಸಿದರು. ಕಂದಾಯದ ಕಡತ ನೋಡುವ ಕೈಯೇ ಹಕ್ಕಿಯ ಗೂಡಿನ ಲೆಕ್ಕವನ್ನೂ ಬರೆಯಿತು. ಬೆಲ್ಲರಂತೂ ನಿವೃತ್ತರಾದ ಮೇಲೂ ಊರಿಗೆ ಮರಳದೆ ಕಾರವಾರದಲ್ಲಿಯೇ ನೆಲೆಸಿ, ೧೯೪೮ರಲ್ಲಿ ಇಲ್ಲಿಯೇ ತೀರಿಕೊಂಡರು.

ಒಂದೆಡೆ ನಿಂತು ನೋಡುವವನಿಗೆ ಈ ಕರಾವಳಿ ಏನನ್ನು ತೋರಿಸುತ್ತದೆ? ಮೃಗಶಿರೆ ಹಿಡಿದೊಡನೆ ಗದ್ದೆಯ ಅಂಚಿನ ಪೊದೆಗಳಲ್ಲಿ ಹುಂಡುಕೋಳಿಯ ಗದ್ದಲ ಕೇಳುತ್ತದೆ. ಬೇಸಗೆಯಲ್ಲಿ ಮಣ್ಣಿನ ಬಣ್ಣಕ್ಕಿದ್ದ ಕೊಳದ ಬಕವು ಬೆನ್ನಿಗೆ ಕೆಂಗಂದು ಹೊದಿಕೆ ಹೊದ್ದು ಮದುವಣಿಗನಾಗುತ್ತದೆ. ಗೀಜಗವು ತೆಂಗಿನ ಗರಿಗೆ ಗೂಡು ತೂಗಿಸುತ್ತದೆ. ದೋಣಿಗಳು ದಡದಲ್ಲಿ ಮಗುಚಿ ಮಲಗಿರುವ ಈ ತಿಂಗಳುಗಳಲ್ಲಿ ನಡುಗಡಲಿನ ಹಕ್ಕಿಗಳು ಬಿರುಗಾಳಿಗೆ ಸಿಕ್ಕಿ ಒಮ್ಮೊಮ್ಮೆ ದಡಕ್ಕೆ ಬಂದು ಬೀಳುವುದುಂಟು. ಆಗ ನಮ್ಮ ಕಡಲ ಮೇಲೆ ಹಾರುವ ಗುಬ್ಬಿಗಿಂತ ತುಸು ದೊಡ್ಡದಾದ ಒಂದು ಕರಿಯ ಹಕ್ಕಿ ಅಂಟಾರ್ಕ್ಟಿಕದ ಬಂಡೆಗಳಲ್ಲಿ ಮರಿಮಾಡಿ ಬಂದದ್ದು ಎಂದರೆ ಆಶ್ಚರ್ಯವಾಗದೆ?

ಮಳೆ ಇಳಿಯುವ ಮೊದಲೇ, ಆಗಸ್ಟಿನಲ್ಲಿ, ಬಾಲ ಕುಣಿಸುವ ಉಲ್ಲಂಕಿ ಒಂಟಿಯಾಗಿ ಹೊಳೆಯಂಚಿಗೆ ಬರುತ್ತದೆ. ಹಿಂದಿನಿಂದಲೇ ಟಿಬೆಟ್ಟಿನ ಎತ್ತರದಿಂದ ಮರಳುಬಣ್ಣದ ಪುಟ್ಟ ಹಕ್ಕಿಗಳೂ, ಸೈಬೀರಿಯದ ಉತ್ತರದಂಚಿನಿಂದ ಬಾಗಿದ ಕೊಕ್ಕಿನ ಉಲ್ಲಂಕಿಗಳೂ ಇಳಿದು ಇಳಿತದ ಕೆಸರಿನಲ್ಲಿ ಹುಳು ಹೆಕ್ಕುತ್ತವೆ. ದಸರೆ ದೀಪಾವಳಿಗಳ ನಡುವೆ ನವರಂಗ ತೋಟಗಳಿಗೆ ಬಂದು ಮುಂಜಾವು ಮುಸ್ಸಂಜೆ ಎರಡೇ ಸಿಳ್ಳಿನಲ್ಲಿ ಕೂಗುತ್ತದೆ. ತಮಿಳರು ಅದನ್ನು ಆರು ಗಂಟೆಯ ಹಕ್ಕಿ ಎಂದು ಕರೆದದ್ದು ಸುಮ್ಮನೆ ಅಲ್ಲ. ಚಳಿಗಾಲದಲ್ಲಿ ಕಂದುತಲೆಯ ಕಡಲಕ್ಕಿಗಳು ಮೀನಿನ ದಡಗಳಲ್ಲಿ ನೆರೆಯುತ್ತವೆ. ಊರೆಲ್ಲ ಸೇರಿ ರಂಪಣಿ ಬಲೆ ಎಳೆಯುತ್ತಿದ್ದ ಕಾಲದಲ್ಲಿ ಬಂಗಡೆಯ ರಾಶಿಯ ಮೇಲೆ ಅವು ಮುತ್ತುತ್ತಿದ್ದ ನೋಟವನ್ನು ಹಿರಿಯರು ಬಲ್ಲರು. ೧೯೭೦ರ ದಶಕದ ಉತ್ತರಾರ್ಧದಲ್ಲಿ ಯಂತ್ರದ ದೋಣಿಗಳ ದೊಡ್ಡ ಬಲೆಗಳು ಬಂದ ಮೇಲೆ ಆ ನೋಟ ವಿರಳವಾಯಿತು. ಇದೇ ಚಳಿಯಲ್ಲಿ ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದಲ್ಲಿ ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ. ವಸಂತ ಬಂದಿತೆಂದರೆ ಕೋಗಿಲೆ ಕೂಗಿಗಾರಂಭಿಸುತ್ತದೆ, ಅತಿಥಿಗಳು ಒಬ್ಬೊಬ್ಬರಾಗಿ ಉತ್ತರಕ್ಕೆ ಹೊರಡುತ್ತಾರೆ. ಘಟ್ಟದ ಮರಗಳ ಪೊಟರೆಯಲ್ಲಿ ಹೆಣ್ಣು ಮಂಗಟ್ಟೆ ಬಾಗಿಲು ಮೆತ್ತಿಕೊಂಡು ಮೊಟ್ಟೆಗೆ ಕೂರುತ್ತದೆ. ಗಂಡು ಹಣ್ಣು ತಂದು ಬಿರುಕಿನಲ್ಲಿ ಉಣಿಸುತ್ತದೆ.

ಮಂಗಟ್ಟೆಯ ಮಾತು ಬಂದಾಗ ಒಂದು ಸ್ವಾರಸ್ಯವನ್ನು ಹೇಳಬೇಕು. ೧೮೯೪ರಲ್ಲಿ ಕಾರವಾರದಲ್ಲಿ ಹುಟ್ಟಿದ ಮಂಗಟ್ಟೆಯ ಮರಿಯೊಂದನ್ನು ಮುಂಬಯಿಯ ಸಂಘಕ್ಕೆ ಕಾಣಿಕೆಯಾಗಿ ಕಳುಹಿಸಲಾಯಿತು. 'ವಿಲಿಯಮ್' ಎಂಬ ಹೆಸರಿನಿಂದ ಅದು ೧೯೨೦ರವರೆಗೆ ಸಂಘದ ಕಾರ್ಯದರ್ಶಿಗಳ ಕುರ್ಚಿಯ ಹಿಂದಿನ ಪಂಜರದಲ್ಲಿ ಬಾಳಿತು. ಒಮ್ಮೆ ಉರಿಯುವ ಚುಟ್ಟಾವನ್ನೇ ನುಂಗಿ ಅರಗಿಸಿಕೊಂಡಿತೆಂದು ಪ್ರತೀತಿ. ಸಂಘದ ಲಾಂಛನದಲ್ಲಿ ಇಂದಿಗೂ ಇರುವುದು ಮಂಗಟ್ಟೆಯೇ. ನಮ್ಮ ಕಾಡಿನ ಹಕ್ಕಿ ಅಲ್ಲಿ ಮುದ್ರೆಯಾಯಿತು. ನಮ್ಮ ಭಾಷೆಯ ಅದರ ಹೆಸರು ಮಾತ್ರ ಇಲ್ಲಿಯೇ ಉಳಿಯಿತು.

ಆ ಕಾಲದಲ್ಲಿ ಹಕ್ಕಿಯನ್ನು ಗುರುತಿಸಲು ಕೋವಿಯೇ ಸಾಧನವಾಗಿತ್ತು. ಹೊಡೆದು ಕೈಯಲ್ಲಿ ಹಿಡಿದು ಅಳೆದರಷ್ಟೆ ಹೆಸರು ನಿಶ್ಚಯ. ೧೯೪೧ರಲ್ಲಿ ಸಲೀಂ ಅಲಿಯವರ ಬಣ್ಣದ ಚಿತ್ರಗಳ ಭಾರತೀಯ ಪಕ್ಷಿಗಳ ಪುಸ್ತಕ ಬಂದು, ಕೋವಿಯಿಲ್ಲದ ಗೃಹಸ್ಥನೂ ಹಕ್ಕಿಯ ಹೆಸರು ಹೇಳಬಲ್ಲವನಾದ. ಇನ್ನೊಂದು ಸಾಧನ ಕಾಲುಂಗುರದ ವಿದ್ಯೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಮನುಷ್ಯರಿಗೂ ಜ್ವರ ತಗಲಿದಾಗ, ಅದರ ವಿಷಾಣುವಿಗೆ ಸೈಬೀರಿಯದ ಒಂದು ಜ್ವರದ ಹೋಲಿಕೆ ಕಂಡಿತು. ವಲಸೆಹಕ್ಕಿಗಳು ಅದನ್ನು ಹೊತ್ತು ತಂದಿರಬಹುದೆ ಎಂಬ ಸಂದೇಹದಿಂದ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ ಮುಂಬಯಿಯ ಸಂಘವು ಸಾವಿರಾರು ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಟ್ಟಿತು. ಸಂದೇಹವು ಸಿದ್ಧವಾಗಲಿಲ್ಲ, ಆದರೆ ಹಕ್ಕಿಗಳ ಹಾದಿಗಳು ನಕ್ಷೆಯ ಮೇಲೆ ಮೂಡಿದವು. ೧೯೭೨ರಲ್ಲಿ ವನ್ಯಜೀವಿ ಸಂರಕ್ಷಣಾ ಕಾನೂನು ಬಂದಿತು. ಇಂದು ಸಾವಿರಾರು ಮಂದಿ ದುರ್ಬೀನು ಹಿಡಿದು ನೋಡಿದ್ದನ್ನು ಕೈಫೋನಿನಲ್ಲಿಯೇ ದಾಖಲಿಸುತ್ತಾರೆ.

ಇದೆಲ್ಲ ಬಿಡುವಿದ್ದವರ ವಿನೋದ ಎಂದು ಯಾರಾದರೂ ಹೇಳಿಯಾರು. ರಣಹದ್ದಿನ ಕಥೆ ಅದಕ್ಕೆ ಉತ್ತರ. ೧೯೯೧ರಿಂದ ೧೯೯೩ರವರೆಗೆ ಉತ್ತರ ಮತ್ತು ಮಧ್ಯ ಭಾರತದ ರಸ್ತೆಗಳುದ್ದಕ್ಕೂ ಎಣಿಸಿ ಇಟ್ಟ ಲೆಕ್ಕವಿತ್ತು. ೨೦೦೦ದಲ್ಲಿ ಅದೇ ರಸ್ತೆಗಳಲ್ಲಿ ಮತ್ತೆ ಎಣಿಸಿದಾಗ ಅವು ಎಷ್ಟು ಕಡಿಮೆಯಾಗಿವೆ ಎಂಬುದು ಬಯಲಾಯಿತು. ಬಿಳಿಬೆನ್ನಿನ ರಣಹದ್ದು ೨೦೦೭ರ ಹೊತ್ತಿಗೆ ಸಾವಿರಕ್ಕೆ ಒಂದರಂತೆ ಉಳಿದಿತ್ತು. ದನಗಳಿಗೆ ಕೊಡುವ ಡೈಕ್ಲೋಫೆನಾಕ್ ಎಂಬ ನೋವುಶಮನದ ಮದ್ದೇ ಕಾರಣವೆಂದು ೨೦೦೪ರಲ್ಲಿ ತಿಳಿಯಿತು. ೨೦೦೬ರಲ್ಲಿ ಪಶುಚಿಕಿತ್ಸೆಗೆ ಅದನ್ನು ನಿಷೇಧಿಸಲಾಯಿತು. ಹಳೆಯ ಲೆಕ್ಕವಿಲ್ಲದಿದ್ದರೆ ನಷ್ಟದ ಅಳತೆಯನ್ನು ಹೇಳುವವರು ಯಾರಿದ್ದರು?

ನಮ್ಮ ಅಘನಾಶಿನಿಯ ಅಳಿವೆಗೂ ಈ ಮಾತು ಸಲ್ಲುತ್ತದೆ. ಅಣೆಕಟ್ಟು ಕಾಣದ ಈ ನದಿ ಕುಮಟಾದ ಬಳಿ ಕಡಲು ಸೇರುವಲ್ಲಿ ಕಗ್ಗದ ಭತ್ತ ಬೆಳೆಯುವ ಗಜನಿ ಗದ್ದೆಗಳಿವೆ, ಬಳಚು ಆಯುವ ಕೆಸರುಬಯಲಿದೆ, ಕಾಂಡ್ಲಾ ಕಾಡಿದೆ. ಅಲ್ಲಿನ ತದಡಿಯಲ್ಲಿ ನಾಲ್ಕು ಸಾವಿರ ಮೆಗಾವ್ಯಾಟಿನ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವೊಂದನ್ನು ಕಟ್ಟುವ ಯೋಜನೆ ಹುಟ್ಟಿ, ಜನರ ವಿರೋಧದಿಂದ ನಿಂತಿತು. ೨೦೨೪ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಯನ್ನು ಸೇರಿತು. ಬರಿಯ ಕೆಸರೆಂದು ತೋರುವ ನೆಲಕ್ಕೆ ಬೆಲೆಯುಂಟೆಂದು ಸಾಧಿಸಲು ಬೇಕಾಗುವುದು ಅಲ್ಲಿ ಏನಿದೆ ಎಂಬ ಪಟ್ಟಿ.

ಪಟ್ಟಿಗಳಲ್ಲಿ ಒಂದು ಕೊರತೆ ಮಾತ್ರ ಉಳಿದುಬಂದಿದೆ. ಎತ್ತರದ ಗೂಡುಗಳನ್ನು ತೋರಿಸಿದವರು, ಮರ ಹತ್ತಿದವರು ಈ ನೆಲದ ಜನರೇ ಆಗಿದ್ದರೆಂದು ಊಹಿಸುವುದು ಕಷ್ಟವಲ್ಲ. ಅವರ ಬಾಯಲ್ಲಿ ಹಕ್ಕಿಗೊಂದೊಂದು ಹೆಸರಿತ್ತು. ಕೆಂಬೂತವನ್ನು ತುಳುವರು ಕುಪ್ಪುಳು ಎನ್ನುತ್ತಾರೆ. ಕನ್ನಡ, ಕೊಂಕಣಿ, ತುಳು ಬೆರೆತ ಈ ಕರಾವಳಿಯಲ್ಲಿ ಊರೂರಿಗೂ ಹೆಸರು ಬೇರೆ. ಅಜ್ಜಿಯೊಡನೆ ಹೆಸರು ಹೋದರೆ ಮೊಮ್ಮಗನಿಗೆ ಉಳಿಯುವುದು ಬರಿಯ 'ಒಂದು ಹಕ್ಕಿ'.

ಆದುದರಿಂದ ವಾಚಕರಲ್ಲಿ ಒಂದು ಬಿನ್ನಹ. ಮಗುವಿನ ಹಳೆಯ ಪಾಟೀಪುಸ್ತಕದಲ್ಲಿ ನಾಲ್ಕು ಗೆರೆ ಎಳೆಯಿರಿ: ದಿನ, ಸ್ಥಳ, ಕಂಡ ಹಕ್ಕಿ, ಮನೆಯ ಹಿರಿಯರು ಅದನ್ನು ಕರೆಯುವ ಹೆಸರು. ನವರಂಗ ಮೊದಲು ಕೂಗಿದ ದಿನವನ್ನೂ, ಕಡಲಕ್ಕಿಗಳು ಕೊನೆಯದಾಗಿ ಕಂಡ ದಿನವನ್ನೂ ಬರೆದಿಡಿ. ಡೇವಿಡ್‌ಸನ್ನರ ಪಟ್ಟಿಗೆ ನೂರ ಇಪ್ಪತ್ತೈದು ವರ್ಷ ದಾಟಿತು. ಅದರ ಪಕ್ಕದಲ್ಲಿಟ್ಟು ನೋಡಲು ಅದೇ ಊರುಗಳ, ಅದೇ ತಿಂಗಳುಗಳ ಇನ್ನೊಂದು ಪಟ್ಟಿ ಕನ್ನಡದಲ್ಲಿ ಬೇಕಾಗಿದೆ.