ಮಗಳೂ ಬಾಧ್ಯಳೇ

‘ದೇವರ ಮಕ್ಕಳು’ ಎಂಬ ಮಾತು ನಮ್ಮ ಕ್ರೈಸ್ತ ಮನೆಗಳಲ್ಲಿ ತುಂಬ ಸಲೀಸಾಗಿ ಬರುತ್ತದೆ. ದೀಕ್ಷಾಸ್ನಾನದಲ್ಲಿ, ಮದುವೆಯಲ್ಲಿ, ಮಣ್ಣು ಕೊಡುವಾಗ, ಕಾಯಿಲೆಯವರನ್ನು ನೋಡಲು ಬಂದ ಸಭಾಪಾಲಕರ ಪ್ರಾರ್ಥನೆಯಲ್ಲಿ, ಎಲ್ಲ ಕಡೆಯೂ ಅದೇ. ಕೇಳಿದ ಕೂಡಲೇ ಕಣ್ಣಮುಂದೆ ಬರುವುದು ತಂದೆಯ ತೊಡೆಯ ಮೇಲೆ ಕೂತ ಎಳೆಯ ಮಗು. ಅದು ಸಮಾಧಾನದ ಚಿತ್ರ, ನಿಜ. ಆದರೆ ಈ ಮಾತನ್ನು ಪತ್ರಿಕೆಗಳಲ್ಲಿ ಬರೆದು ಹರಡಿದ ಪೌಲನ ಮನಸ್ಸಿನಲ್ಲಿ ತೊಡೆಯ ಜೊತೆಗೆ ಆಸ್ತಿಯ ವಿಚಾರವೂ ಇತ್ತು ಎಂದರೆ ಕೆಲವರಿಗಾದರೂ ಆಶ್ಚರ್ಯವಾದೀತು.

ಕ್ರಿಸ್ತಶಕ 57ರ ಸುಮಾರಿಗೆ ಪೌಲ ರೋಮಿನ ಸಭೆಗೆ ಪತ್ರಿಕೆ ಬರೆದ. ಅದರಲ್ಲಿ ವಿಶ್ವಾಸಿಗೂ ದೇವರಿಗೂ ಇರುವ ಸಂಬಂಧವನ್ನು ಹೇಳಲು ಅವನು ಆರಿಸಿಕೊಂಡ ಗ್ರೀಕ್ ಪದದ ಅರ್ಥ ‘ದತ್ತು’. ರೋಮಿನವರಿಗೆ ದತ್ತು ಎಂದರೆ ಬರೀ ಕೂಸನ್ನು ತಂದು ಸಾಕುವುದಲ್ಲ. ದೊಡ್ಡ ಮನೆತನಗಳು ಬೆಳೆದ ಗಂಡಸರನ್ನೇ ದತ್ತು ತೆಗೆದುಕೊಳ್ಳುತ್ತಿದ್ದವು. ಚಕ್ರವರ್ತಿ ಅಗಸ್ಟಸ್ ಕ್ರಿಸ್ತಶಕ 4ರಲ್ಲಿ ಟೈಬೀರಿಯಸನನ್ನು ದತ್ತು ತೆಗೆದುಕೊಂಡಾಗ ಅವನಿಗೆ 40 ದಾಟಿತ್ತು. ದತ್ತು ಹೋದವನ ಮೇಲೆ ಹಳೆಯ ಮನೆಯ ಅಧಿಕಾರ ಮುಗಿಯಿತು. ಹೊಸ ತಂದೆಯ ಹೆಸರು ಬಂತು. ಹುಟ್ಟಿದ ಮಗನಿಗಿರುವ ಹಕ್ಕೆಲ್ಲ ಬಂತು. ದೇವರ ಮಗುವಿಗೆ ಸಿಗುವ ಭರವಸೆಯೂ ಅಂಥದೇ ಎಂದು ಪೌಲನ ವಾದ. ಕನ್ನಡ ಬೈಬಲು ಇದಕ್ಕೆ ‘ಬಾಧ್ಯರು’ ಎಂಬ ಒಳ್ಳೆಯ ಮಾತನ್ನು ಇಟ್ಟುಕೊಂಡಿದೆ. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಂತೂ ಇದೇ ಸಂದರ್ಭದಲ್ಲಿ ಗಂಡು ಹೆಣ್ಣೆಂಬ ಭೇದವನ್ನೂ ಅವನು ತಳ್ಳಿಹಾಕುತ್ತಾನೆ.

ಹೇಳುವುದು ಸುಲಭ. ನಮ್ಮ ನಾಡಿನಲ್ಲಿ ಆ ಮಾತನ್ನು ನಂಬಿ ಹೊಸಿಲು ದಾಟಿದವರು ಏನು ಕಳೆದುಕೊಂಡರು, ಏನು ಪಡೆದರು ಎಂದು ನೋಡಿದಾಗ ಅದರ ತೂಕ ತಿಳಿಯುತ್ತದೆ.

1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ ಬಂತು. ಹತ್ತು ವರ್ಷಕ್ಕೆ, 1844ರಲ್ಲಿ, ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ದೀಕ್ಷಾಸ್ನಾನ ಹೊಂದಿದಾಗ ಊರೇ ಅಲ್ಲೋಲಕಲ್ಲೋಲವಾಯಿತು. ಹುಟ್ಟಿದ ಮನೆ ಅವರ ಪಾಲಿಗೆ ಮುಚ್ಚಿತು, ಹೆಂಡತಿ ಅವರ ಜೊತೆ ಬರಲಿಲ್ಲ. ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಅವರನ್ನು ಮಗನಂತೆ ಕಂಡರು. ಇವರು ಹರ್ಮನ್ ಆನಂದರಾವ್ ಕೌಂಡಿನ್ಯ ಎಂದಾದರು. ಒಬ್ಬರ ಹೆಸರು ಇನ್ನೊಬ್ಬರಿಗೆ ಬಂದದ್ದನ್ನು ನೋಡಿದರೆ ಪೌಲನ ದತ್ತಿನ ಮಾತು ನೆನಪಾಗದಿರದು. ಮುಂದೆ ಬಾಸೆಲ್‌ನಲ್ಲಿ ಓದಿ ಬಂದ ಅವರು ಕನ್ನಡ ನಾಡಿನಲ್ಲೇ ದುಡಿದರು.

ಧರ್ಮ ಬಿಟ್ಟವನಿಗೆ ಆಸ್ತಿಯ ಹಕ್ಕು ತಪ್ಪಬಾರದೆಂದು 1850ರಲ್ಲಿ ಸರ್ಕಾರ ಕಾನೂನು ಮಾಡಿತು. ಆದರೆ ಅದರ ಹಿಂದೆಯೇ ಇನ್ನೊಂದು ತೊಡಕು ಕಾದಿತ್ತು. ಕ್ರೈಸ್ತನಾದವನ ಆಸ್ತಿ ಅವನು ಸತ್ತ ಮೇಲೆ ಯಾವ ಕಾನೂನಿನಂತೆ ಹಂಚಿಹೋಗಬೇಕು? ಬಿಟ್ಟು ಬಂದ ಮನೆಯದೋ, ಸೇರಿದ ಮನೆಯದೋ?

ಈ ಪ್ರಶ್ನೆ ಎದ್ದದ್ದು ನಮ್ಮ ಬಳ್ಳಾರಿಯಲ್ಲಿ. ಅಲ್ಲಿದ್ದ ಮ್ಯಾಥ್ಯೂ ಅಬ್ರಹಾಂ ತಮಿಳು ದಲಿತ ಮೂಲದ ಕ್ರೈಸ್ತ, ಸಾರಾಯಿ ಗುತ್ತಿಗೆಯಿಂದ ಶ್ರೀಮಂತನಾದವನು. ಹೆಂಡತಿ ಷಾರ್ಲೆಟ್ ಯುರೇಷಿಯನ್ ಮನೆತನದವಳು. 1842ರಲ್ಲಿ ಅವನು ತೀರಿಕೊಂಡ. ಕೆಲವು ವರ್ಷ ವ್ಯವಹಾರ ನಡೆಸಿಕೊಂಡು ಹೋದ ತಮ್ಮ ಫ್ರಾನ್ಸಿಸ್, ನಮ್ಮದು ಹಿಂದೂ ಅವಿಭಕ್ತ ಕುಟುಂಬದ ರೀತಿಯದು, ಅಣ್ಣನ ಆಸ್ತಿಯಲ್ಲಿ ನನಗೂ ಪಾಲಿದೆ ಎಂದ. ಅತ್ತಿಗೆ ಮೈದುನರ ಜಗಳ ಕೋರ್ಟು ಹತ್ತಿತು. ಆ ಮನೆಯವರು ಏನು ಉಡುತ್ತಿದ್ದರು, ಹೇಗೆ ಬದುಕುತ್ತಿದ್ದರು, ಯಾರ ಜೊತೆ ಬೆರೆಯುತ್ತಿದ್ದರು ಎಂಬುದೂ ಸಾಕ್ಷಿಯಾಯಿತು. ಕೊನೆಗೆ 1863ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಫ್ರಾನ್ಸಿಸನ ಅವಿಭಕ್ತ ಕುಟುಂಬದ ವಾದವನ್ನು ಒಪ್ಪಲಿಲ್ಲ. ಧರ್ಮ ಬದಲಿಸಿದವನನ್ನು ಹಳೆಯ ಕಾನೂನು ಬಲವಂತವಾಗಿ ಕಟ್ಟಿಹಾಕದು, ಬೇಕಿದ್ದರೆ ಅವನು ಅದನ್ನು ಉಳಿಸಿಕೊಳ್ಳಬಹುದು ಎಂಬುದು ತೀರ್ಪಿನ ಸಾರ.

ಎರಡೇ ವರ್ಷಕ್ಕೆ 1865ರ ಭಾರತೀಯ ಉತ್ತರಾಧಿಕಾರ ಕಾಯಿದೆ ಬಂತು. ವಿಲ್ ಬರೆಯದೆ ಸತ್ತವನಿಗೆ ಮಕ್ಕಳಿದ್ದರೆ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದದ್ದು ಮಕ್ಕಳಿಗೆ ಸಮನಾಗಿ. ಮಗ ಮಗಳೆಂಬ ಭೇದವಿಲ್ಲ. ಕರ್ನಾಟಕದಲ್ಲಿ ಹಿಂದೂ ಹೆಣ್ಣುಮಗಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನ ಹಕ್ಕು ಬಂದದ್ದು 1994ರಲ್ಲಿ ಎಂದು ನೆನೆದರೆ ಇದೆಷ್ಟು ಮುಂಚಿನ ಮಾತು!

ಹಾಗೆಂದು ಕ್ರೈಸ್ತರು ಬೀಗುವಂತಿಲ್ಲ. ಪಕ್ಕದ ತಿರುವಾಂಕೂರಿನ 1916ರ ಕಾಯಿದೆ ಕ್ರೈಸ್ತ ಮಗಳಿಗೆ ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅಷ್ಟು ಎಂದು ಗೊತ್ತುಮಾಡಿತ್ತು. ಅದನ್ನು ಕೋಟ್ಟಯಂನ ಶಿಕ್ಷಕಿ ಮೇರಿ ರಾಯ್ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿ 1986ರಲ್ಲಿ ಗೆದ್ದರು. ಭಾನುವಾರ ಅಣ್ಣತಮ್ಮಂದಿರ ಪಕ್ಕದಲ್ಲಿ ಮೊಣಕಾಲೂರಿ ಒಂದೇ ತಂದೆಯನ್ನು ಕರೆದ ಹೆಣ್ಣು, ಸೋಮವಾರ ಮನೆಯ ಪಾಲಿಗೆ ಪರಕೀಯಳು! ಈ ವಿರೋಧ ಅಷ್ಟು ವರ್ಷ ಎಷ್ಟೋ ಜನ ಭಕ್ತರ ಕಣ್ಣಿಗೆ ಬೀಳದೆ ಹೋಯಿತಲ್ಲ ಎಂದು ನನಗೆ ಸೋಜಿಗ.

ದತ್ತಿನ ಕಥೆಯೂ ಹೀಗೆಯೇ. ತಮ್ಮನ್ನು ದೇವರ ದತ್ತು ಮಕ್ಕಳೆಂದು ನಂಬಿದ ಭಾರತದ ಕ್ರೈಸ್ತರಿಗೆ ಸ್ವಂತದ್ದೊಂದು ದತ್ತು ಕಾನೂನು ಇರಲಿಲ್ಲ. ಮಗುವನ್ನು ತಂದು ಸಾಕಿದವರು 1890ರ ಕಾನೂನಿನಂತೆ ಬರೀ ಪೋಷಕರು. ಮಗುವಿಗೆ ಅವರ ಆಸ್ತಿಯಲ್ಲಿ ತಾನಾಗಿ ಬರುವ ಹಕ್ಕಿಲ್ಲ. 2000ದ ಬಾಲನ್ಯಾಯ ಕಾಯಿದೆ ಮತ್ತು 2006ರ ತಿದ್ದುಪಡಿಯ ನಂತರವೇ ಯಾವ ಧರ್ಮದವರಾದರೂ ಪೂರ್ತಿ ದತ್ತು ತೆಗೆದುಕೊಳ್ಳುವ ದಾರಿ ತೆರೆಯಿತು.

ದೇವರು ತನ್ನವರನ್ನು ಕೈಬಿಡುವುದಿಲ್ಲ ಎಂಬ ಭರವಸೆಗೆ ಕೋರ್ಟಿನ ಮುದ್ರೆ ಬೇಕಿಲ್ಲ. ಮನೆ ಮುಚ್ಚಿದಾಗಲೂ ಕೌಂಡಿನ್ಯರನ್ನು ಎತ್ತಿ ನಿಲ್ಲಿಸಿದ್ದು ಆ ಭರವಸೆಯೇ ಇರಬೇಕು. ಆದರೆ ಪಾಲಿನ ಪ್ರಶ್ನೆ ಬಂದಾಗ ‘ನಿನಗೆ ದೇವರಿದ್ದಾನೆ’ ಎಂದು ಹೆಣ್ಣುಮಗಳನ್ನು ಸುಮ್ಮನಾಗಿಸಲು ಅದನ್ನು ಬಳಸಿದರೆ ಆ ಮಾತಿನ ಅರ್ಥವೇ ತಿರುಗಿಬಿಡುತ್ತದೆ. ಪೌಲ ದೇವರ ಮಕ್ಕಳಿಗೆ ಬಾಧ್ಯರೆಂಬ ಹೆಸರು ಕೊಟ್ಟ. ನಮ್ಮ ಮನೆಗಳಲ್ಲಿ ವಿಲ್ ಬರೆಯಲು ಕೂತ ಅಪ್ಪಂದಿರು, ಸಹಿ ಹಾಕಿಸಿಕೊಳ್ಳಲು ತಂಗಿಯ ಮನೆಗೆ ಹೊರಟ ಅಣ್ಣಂದಿರು ಆ ಹೆಸರನ್ನು ಒಂದು ಸಲ ನೆನೆದರೆ ಸಾಕು.