ಒಂದೇ ಹೊಲ, ಎರಡು ನುಡಿ: ಗೇಜ್ ಸಿದ್ಧಾಂತ ಮತ್ತು ಕ್ಷೇತ್ರಗಣಿತದ ನಂಟಿನ ಚರಿತ್ರೆ

ಮೈಂದರ್ಗಿ, ಅಕ್ಕಲಕೋಟೆ, ಸೊಲ್ಲಾಪುರ ಸೀಮೆಯ ಕನ್ನಡಿಗರಾದ ನಮಗೆ ಒಂದೇ ವಸ್ತುವನ್ನು ಎರಡು ನುಡಿಗಳಲ್ಲಿ ಕಾಣುವುದು ನಿತ್ಯದ ರೂಢಿ. ನಮ್ಮ ಹೊಲ ಮನೆಯ ಮಾತಿನಲ್ಲಿ ಎರಿ ಅಥವಾ ಮಡ್ಡಿ. ಅದೇ ಹೊಲ ತಲಾಠಿಯ ದಫ್ತರದಲ್ಲಿ ಮರಾಠಿಯ ಸಾತಬಾರಾ ಉತಾರದೊಳಗೆ ಗಟ್ ನಂಬರು, ಹೆಕ್ಟೇರ್, ಆರ್ ಎಂದು ದಾಖಲಾಗಿರುತ್ತದೆ. ಯಾವ ಬೆಳೆ ತಕ್ಕದ್ದೆಂಬ ಪ್ರಶ್ನೆಗೆ ಮನೆಮಾತು ಬೇಗ ಉತ್ತರ ಕೊಡುತ್ತದೆ. ಪಾಲು ಹಂಚುವ ಪ್ರಶ್ನೆಗೆ ಉತಾರವೇ ಬೇಕು. ಹೊಲ ಮಾತ್ರ ಒಂದೇ.

ಭೌತವಿಜ್ಞಾನದ ಇತ್ತೀಚಿನ ಚರಿತ್ರೆಯಲ್ಲಿ ಇದನ್ನು ಹೋಲುವ ಒಂದು ಮಹತ್ತ್ವದ ಅಧ್ಯಾಯವಿದೆ. ವಿಜ್ಞಾನಿಗಳು ಅದನ್ನು ಡ್ಯುಯಾಲಿಟಿ ಎನ್ನುತ್ತಾರೆ. ನಾವಿಲ್ಲಿ ದ್ವಿರೂಪತೆ ಎಂದು ಕರೆಯೋಣ. ದ್ವೈತದಲ್ಲಿ ತತ್ತ್ವಗಳು ಎರಡು. ಇಲ್ಲಿ ತತ್ತ್ವ ಒಂದೇ, ನಿರೂಪಣೆ ಎರಡು. ನಮ್ಮ ಹೊಲದ ಹೋಲಿಕೆಯನ್ನು ಮೀರುವ ಅಂಶವೂ ಒಂದಿದೆ. ದ್ವಿರೂಪತೆಯಲ್ಲಿ ಎರಡು ನಿರೂಪಣೆಗಳೂ ತಮ್ಮಷ್ಟಕ್ಕೆ ಪೂರ್ಣ. ಒಂದರಲ್ಲಿ ಕಠಿಣವಾದ ಲೆಕ್ಕ ಇನ್ನೊಂದರಲ್ಲಿ ಸುಲಭವಾಗಬಹುದು.

ಈ ಎರಡು ನಿರೂಪಣೆಗಳಲ್ಲಿ ಒಂದು ಕ್ಷೇತ್ರಗಣಿತ. ಆ ವಿದ್ಯೆ ಈ ನಾಡಿಗೆ ಹೊಸದಲ್ಲ. ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ಬರೆದನು. 12ನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದ ಗ್ರಂಥಗಳನ್ನು ಕನ್ನಡದಲ್ಲೇ ರಚಿಸಿದನು. ಕ್ಷೇತ್ರವೆಂದರೆ ಹೊಲ, ಹೊಲದ ಅಳತೆಯಿಂದಲೇ ಆ ವಿದ್ಯೆಗೆ ಹೆಸರು ಬಂದಿದೆ. ವಿದ್ಯುತ್ತು, ಕಾಂತತ್ವಗಳ ಪ್ರಭಾವ ಹರಡಿರುವ ಪ್ರದೇಶವನ್ನೂ ಇಂದಿನ ಕನ್ನಡ ಪಠ್ಯಗಳು ಕ್ಷೇತ್ರವೆಂದೇ ಹೆಸರಿಸುತ್ತವೆ. ಎರಡು ವಿದ್ಯೆಗಳಿಗೆ ಒಂದೇ ಪದ ಒದಗಿದ್ದು ಆಕಸ್ಮಿಕ. ಆದರೆ ಆ ಎರಡರ ನಂಟೇ ನಮ್ಮ ವಿಷಯ.

ಇನ್ನೊಂದು ನಿರೂಪಣೆಯ ಹೆಸರು ಗೇಜ್ ಸಿದ್ಧಾಂತ. ಗೇಜ್ ಎಂಬ ಪದವನ್ನು ನಮ್ಮ ಹಿರಿಯರು ರೈಲಿನಿಂದ ಬಲ್ಲರು. ಹೊಟಗಿ ಜಂಕ್ಷನ್ನಿನಲ್ಲಿ ಹಿಂದೆ ವಿಜಾಪುರ, ಗದಗದ ಕಡೆಗೆ ಮೀಟರ್ ಗೇಜ್ ಹಳಿಯಿತ್ತು. ಮುಂಬಯಿ, ರಾಯಚೂರಿನ ಕಡೆಗೆ ಬ್ರಾಡ್ ಗೇಜ್. ಹಳಿಗಳ ನಡುವಿನ ಅಂತರ ಒಂದರಲ್ಲಿ 1 ಮೀಟರ್, ಇನ್ನೊಂದರಲ್ಲಿ 1.676 ಮೀಟರ್. ಗಾಡಿ ಬದಲಾದರೂ ಜೋಳದ ಚೀಲದ ತೂಕ ಬದಲಾಗುತ್ತಿರಲಿಲ್ಲ. ಅಳತೆಗೋಲನ್ನು ಸ್ಥಳದಿಂದ ಸ್ಥಳಕ್ಕೆ ಬದಲಿಸಿದರೂ ನಿಸರ್ಗದ ನಿಯಮ ಬದಲಾಗಬಾರದೆಂಬ ವಿಚಾರವನ್ನು ಜರ್ಮನಿಯ ಗಣಿತಜ್ಞ ಹರ್ಮನ್ ವೈಲ್ 1918ರಲ್ಲಿ ಮುಂದಿಟ್ಟರು. ಐನ್‌ಸ್ಟೈನ್ ಆಕ್ಷೇಪಿಸಿದರು. 1929ರಲ್ಲಿ ವೈಲ್ ಅದನ್ನು ಕ್ವಾಂಟಮ್ ಸಿದ್ಧಾಂತಕ್ಕೆ ಹೊಂದುವಂತೆ ತಿದ್ದಿದರು. 1954ರಲ್ಲಿ ಯಾಂಗ್ ಮತ್ತು ಮಿಲ್ಸ್ ಅದನ್ನು ವಿಸ್ತರಿಸಿದರು. ಪರಮಾಣುವಿನ ಬೀಜದೊಳಗಿನ ಕ್ವಾರ್ಕುಗಳನ್ನು ಬಂಧಿಸುವ ಬಲದ ವಿವರಣೆಗೆ ಇಂದು ಆಧಾರವಾಗಿರುವುದು ಈ ಬಗೆಯ ಸಿದ್ಧಾಂತವೇ.

ಇದೇ ಅವಧಿಯಲ್ಲಿ ಗಣಿತಜ್ಞರು ವಕ್ರ ಆಕಾಶಗಳನ್ನು ಕುರಿತು ತಮ್ಮದೇ ಪರಿಭಾಷೆಯಲ್ಲಿ ಶ್ರಮಿಸುತ್ತಿದ್ದರು. ಇಬ್ಬರ ಮಾತೂ ಒಂದೇ ಎಂಬುದು ಬಹುಕಾಲ ಯಾರಿಗೂ ಹೊಳೆಯಲಿಲ್ಲ. ಗಣಿತಜ್ಞ ಜಿಮ್ ಸೈಮನ್ಸ್ ಅವರ ಒಡನಾಟದಿಂದ ಯಾಂಗ್ ಅವರಿಗೆ ಇದು ಸ್ಪಷ್ಟವಾಯಿತು. 1975ರಲ್ಲಿ ವೂ ಮತ್ತು ಯಾಂಗ್ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಕೋಷ್ಟಕವಿದೆ: ಒಂದು ಬದಿಗೆ ಭೌತವಿಜ್ಞಾನದ ಪದ, ಎದುರಿಗೆ ಗಣಿತದ ಪದ. ಅದೊಂದು ಪುಟ್ಟ ದ್ವಿಭಾಷಾ ನಿಘಂಟು. ಒಂದು ಪದದ ಎದುರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಮಾತ್ರ ಇತ್ತು.

ಇದಕ್ಕೂ ಗಾಢವಾದ ನಂಟಿನ ಸುಳಿವು ಅದಕ್ಕೆ ಮುಂಚೆ, 1974ರಲ್ಲೇ ದೊರೆತಿತ್ತು. ಕ್ವಾರ್ಕುಗಳಿಗೆ ಬಣ್ಣವೆಂದು ಹೆಸರಿಟ್ಟಿರುವ ಗುಣವೊಂದಿದೆ. ಅದರಲ್ಲಿ ಮೂರು ಬಗೆ. ಮೂರರ ಬದಲು ಬಹು ದೊಡ್ಡ ಸಂಖ್ಯೆಯ ಬಣ್ಣಗಳಿದ್ದರೆ ಏನಾಗುತ್ತದೆಂದು ಹಾಲೆಂಡಿನ ಗೆರಾರ್ಡ್ ಟ್ ಹೂಫ್ಟ್ ಕೇಳಿದರು. ಲೆಕ್ಕದ ಚಿತ್ರಗಳೆಲ್ಲ ತೂತಿಲ್ಲದ ಚೆಂಡು, ಒಂದು ತೂತಿನ ವಡೆ, ಎರಡು ತೂತಿನ ಆಕೃತಿ ಎಂಬಂತೆ ವಿಂಗಡವಾದವು. ತಂತು ಸಿದ್ಧಾಂತದ ಲೆಕ್ಕದ ಕ್ರಮವೂ ಅದೇ. 1997ರಲ್ಲಿ ಹುವಾನ್ ಮಾಲ್ಡಸೇನಾ ಒಂದು ಗೇಜ್ ಸಿದ್ಧಾಂತವೂ ಒಂದು ವಕ್ರ ಆಕಾಶದಲ್ಲಿನ ತಂತು ಸಿದ್ಧಾಂತವೂ ಒಂದೇ ಎಂಬ ಊಹೆಯನ್ನು ಮಂಡಿಸಿದಾಗ ಆ ಸುಳಿವಿಗೆ ಬಲ ಬಂದಿತು.

ಮರುವರ್ಷ, 1998ರ ನವೆಂಬರಿನಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ರಾಜೇಶ್ ಗೋಪಕುಮಾರ್ ಮತ್ತು ಕುಮ್ರುನ್ ವಾಫಾ ಬರೆದ ಪ್ರಬಂಧದ ಶೀರ್ಷಿಕೆಯ ಅರ್ಥವೇ ಗೇಜ್ ಸಿದ್ಧಾಂತ ಮತ್ತು ಜ್ಯಾಮಿತಿಯ ಅನುರೂಪತೆ. ಅವರು ಆರಿಸಿಕೊಂಡದ್ದು ಚರ್ನ್ ಮತ್ತು ಸೈಮನ್ಸ್ ಹೆಸರಿನ ಸಿದ್ಧಾಂತವನ್ನು. ಹಗ್ಗದ ಗಂಟುಗಳನ್ನು ಒಂದರಿಂದ ಒಂದು ಬೇರೆಯೆಂದು ಗುರುತಿಸುವ ಗಣಿತಕ್ಕೂ ಅದಕ್ಕೂ ಇರುವ ಸಂಬಂಧವನ್ನು ಎಡ್ವರ್ಡ್ ವಿಟನ್ 1989ರಲ್ಲಿ ತೋರಿಸಿದ್ದರು. ಆರು ಆಯಾಮಗಳ ಆಕಾಶವೊಂದರಲ್ಲಿ ಮೂರು ಆಯಾಮದ ಗೋಳವಿದೆ. ಅದರ ಮೇಲೆ ಗೇಜ್ ಸಿದ್ಧಾಂತ ನೆಲೆಸಿದೆ. ಬಣ್ಣಗಳ ಸಂಖ್ಯೆ ಬಹಳವಾದಾಗ ಅದೇ ಸಿದ್ಧಾಂತಕ್ಕೆ ಇನ್ನೊಂದು ರೂಪವಿದೆ ಎಂಬುದು ಅವರ ವಾದ: ಆ ಗೋಳ ಕುಗ್ಗಿ ಇಲ್ಲವಾಗಿ, ಅದರ ಜಾಗದಲ್ಲಿ ಎರಡು ಆಯಾಮದ ಹೊಸ ಗೋಳ ಅರಳುತ್ತದೆ. ಗೇಜ್ ಸಿದ್ಧಾಂತ ಅಲ್ಲಿ ಕಾಣದು. ಆಕಾಶದ ಆಕಾರ ಮತ್ತು ಅದರೊಳಗಿನ ತಂತುಗಳು ಮಾತ್ರ ಉಳಿಯುತ್ತವೆ. ಬಣ್ಣಗಳ ಸಂಖ್ಯೆ ಮತ್ತು ಬಲದ ತೀವ್ರತೆಯ ಗುಣಲಬ್ಧವೇ ಹೊಸ ಗೋಳದ ಗಾತ್ರವನ್ನು ನಿರ್ಧರಿಸುತ್ತದೆ. ಹಳೆಯ ಸಿದ್ಧಾಂತದ ಎಣಿಕೆ ಹೊಸ ಆಕಾಶದ ಅಳತೆಯಾಯಿತು.

ಅದೇ ವರ್ಷ ಇವರಿಬ್ಬರೂ ಇಂಥ ಆಕಾಶಗಳಲ್ಲಿ ವಕ್ರಗಳನ್ನು ಎಣಿಸುವ ಹೊಸ ದಾರಿಯನ್ನೂ ಸೂಚಿಸಿದರು. ಗಣಿತಜ್ಞರ ಪದ್ಧತಿಯಲ್ಲಿ ಬರುತ್ತಿದ್ದ ಭಿನ್ನರಾಶಿಗಳ ಹಿಂದೆ ಪೂರ್ಣಾಂಕಗಳು ಅಡಗಿವೆ ಎಂಬುದು ಅವರ ಭೌತಿಕ ತರ್ಕ. ಅವು ಪೂರ್ಣಾಂಕಗಳೇ ಎಂಬುದನ್ನು ಅಯೊನೆಲ್ ಮತ್ತು ಪಾರ್ಕರ್ ಗಣಿತದ ಕಟ್ಟುನಿಟ್ಟಿನಲ್ಲಿ ಸಾಧಿಸಿದ ಪ್ರಬಂಧ ಅಚ್ಚಾದದ್ದು 2018ರಲ್ಲಿ. ತಂತು ಸಿದ್ಧಾಂತಕ್ಕೆ ಪ್ರಯೋಗದ ಸಮರ್ಥನೆ ಇನ್ನೂ ದೊರೆತಿಲ್ಲ. ಆದರೂ ಅದರಿಂದ ಗಣಿತಕ್ಕೆ ಬಂದ ಈ ಲಾಭ ಗಟ್ಟಿಯಾದದ್ದು.

ಗೋಪಕುಮಾರ್ ಅವರು 2015ರಲ್ಲಿ ಬೆಂಗಳೂರಿನ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರದ ನಿರ್ದೇಶಕರಾದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದ, 2007ರಲ್ಲಿ ಆರಂಭವಾದ ಈ ಕೇಂದ್ರದ ಆವರಣ ಹೆಸರಘಟ್ಟದ ಬಳಿಯ ಶಿವಕೋಟೆಯಲ್ಲಿದೆ. ಇಂಥ ದ್ವಿರೂಪತೆಯನ್ನು ಊಹೆಯ ಮಟ್ಟದಿಂದ ಎತ್ತಿ, ಒಂದು ರೂಪದಿಂದ ಇನ್ನೊಂದನ್ನು ಹಂತಹಂತವಾಗಿ ಪಡೆಯುವ ಯತ್ನದಲ್ಲಿ ಗೋಪಕುಮಾರ್ ತೊಡಗಿದ್ದಾರೆ. ಎಬರ್ಹಾರ್ಟ್ ಮತ್ತು ಗಾಬರ್ಡೀಲ್ ಅವರೊಡನೆ 2019ರಲ್ಲಿ ಪ್ರಕಟಿಸಿದ ಕೆಲಸ ಆ ದಾರಿಯ ಮುಖ್ಯ ಹೆಜ್ಜೆ.

ಗೋಪಕುಮಾರ್ ಹುಟ್ಟಿದ್ದು ಕೋಲ್ಕತ್ತೆಯಲ್ಲಿ, ವಾಫಾ ಹುಟ್ಟಿದ್ದು ಟೆಹರಾನಿನಲ್ಲಿ. ಈ ವಿದ್ಯೆಗೆ ಗಡಿಯಿಲ್ಲ. ಆದರೆ ಅದನ್ನು ಅರಿಯುವ ಮಗುವಿಗೆ ಒಂದು ನುಡಿ ಬೇಕು. ನಮ್ಮ ಸೀಮೆಯ ಕನ್ನಡ ಶಾಲೆಯ ಮಗು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತ ಬೆಳೆಯುತ್ತದೆ. ಇದನ್ನು ಹೊರೆಯೆಂದು ಬಗೆದು ತಾಯಿ-ತಂದೆಯರು ಕನ್ನಡವನ್ನು ಮೊದಲು ಬಿಡಿಸುವುದುಂಟು. ಒಂದು ನುಡಿಯಲ್ಲಿ ತೊಡಕಾದದ್ದನ್ನು ಇನ್ನೊಂದರಲ್ಲಿ ಬಿಡಿಸುವ ಅಭ್ಯಾಸ ಎಂಥ ಸಂಪತ್ತೆಂಬುದಕ್ಕೆ ಮೇಲಿನ ಚರಿತ್ರೆಯೇ ನಿದರ್ಶನ. ಆದುದರಿಂದ ಸಂಘದ ಮುಂದಿನ ಸಮ್ಮೇಳನದಲ್ಲಿ ಕಾವ್ಯ, ಕಥೆಗಳ ಗೋಷ್ಠಿಗಳ ಜೊತೆಗೆ ಗಣಿತ ವಿಜ್ಞಾನಗಳಿಗೆ ಒಂದು ಕನ್ನಡ ಗೋಷ್ಠಿ ಇರಲೆಂದು ನಾವು ಬಯಸುತ್ತೇವೆ. ರಾಜಾದಿತ್ಯನ ನುಡಿಗೆ ಆ ಶಕ್ತಿ ಎಂಟು ಶತಮಾನಗಳ ಹಿಂದೆಯೇ ಇತ್ತು.